ಉಪ್ಪಿನ ಉಗ್ರಾಣಿ

ಆಸ್ಪತ್ರೆಗೆ ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎನ್ನುವುದು ನಮ್ಮ ಕಡೆ ಯಾರೂ ಬರೆದಿಡದ ಕಾನೂನು. ಮೊನ್ನೆ ನಮ್ಮ ದೊಡ್ಡಪ್ಪ ಏದುಸಿರು, ಕಾಲು ಬಾವು ಅಂತ ವಾರ್ಡು ಸೇರಿದಾಗ ಎರಡೇ ದಿನದಲ್ಲಿ ಅವರ ಮಂಚದ ಪಕ್ಕ ಒಂದು ಹಣ್ಣಿನಂಗಡಿ ಎದ್ದಿತ್ತು. ಮೂಸಂಬಿ, ದಾಳಿಂಬೆ, ಎರಡು ಚಿಪ್ಪು ಬಾಳೆಹಣ್ಣು. ಮಂಚದ ಕೆಳಗೆ ಏಳೆಂಟು ಎಳನೀರು. ದೊಡ್ಡಪ್ಪ ತಿಪಟೂರು ಸೀಮೆಯ ತೆಂಗಿನ ತೋಟದವರು. ಅವರಿಗೇ ಎಳನೀರು ತಂದುಕೊಡುವವರ ಧೈರ್ಯ ಮೆಚ್ಚಬೇಕು, ಆದರೆ ರೋಗಿ ಎಂದ ಮೇಲೆ ಎಳನೀರು ಇರಲೇಬೇಕಲ್ಲ.

ಮನೆಗೆ ಕಳಿಸುವ ದಿನ ಡಾಕ್ಟರು ಚೀಟಿ ಬರೆದು, ಪಥ್ಯ ಹೇಳಿದರು. "ಯಜಮಾನ್ರೇ, ಉಪ್ಪು ಕಮ್ಮಿ ಮಾಡಿ. ಎಳನೀರು ಬಿಟ್ಟುಬಿಡಿ."

ಉಪ್ಪಿಗೆ ತಲೆಯಾಡಿಸಿದ ದೊಡ್ಡಪ್ಪ ಎಳನೀರಿಗೆ ಬಂದಾಗ ತಡೆದರು. "ಎಳನೀರು ತಂಪಲ್ವಾ ಸ್ವಾಮಿ?"

"ತಂಪೇ. ಆದ್ರೆ ಈ ಮಾತ್ರೆ ನುಂಗೋ ತನಕ ಅದು ನಿಮಗೆ ಆಗಿಬರಲ್ಲ" ಎಂದು ಡಾಕ್ಟರು ಚೀಟಿಯ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ಇದ್ದದ್ದು ಸ್ಪೈರೊನೊಲ್ಯಾಕ್ಟೋನ್, 25 ಮಿಲಿಗ್ರಾಂ, ಬೆಳಿಗ್ಗೆ ಒಂದು. ಅದರ ಕೆಳಗೆ ಇನ್ನೊಂದು ಸಾಲು: ಒಂದು ವಾರ ಬಿಟ್ಟು ರಕ್ತಪರೀಕ್ಷೆ.

ಆ ಎರಡು ಸಾಲುಗಳನ್ನು ಒಂದೇ ಸಾಲೆಂದು ಓದಬೇಕು ಎನ್ನುವುದೇ ನಾನು ಇಲ್ಲಿ ಹೇಳಹೊರಟಿರುವುದು. ಈ ಮಾತ್ರೆ ಅರ್ಧ ಔಷಧಿ. ಉಳಿದರ್ಧ ಆ ರಕ್ತಪರೀಕ್ಷೆ. ಯಾಕೆ ಹಾಗೆ ಎಂದು ತಿಳಿಯಲು ಮೊದಲು ನಮ್ಮ ಮೈಯೊಳಗೆ ಉಪ್ಪಿನ ಉಗ್ರಾಣ ಕಾಯುವವನನ್ನು ಪರಿಚಯ ಮಾಡಿಕೊಳ್ಳಬೇಕು.

ಮದುವೆಮನೆಯಲ್ಲಿ ಉಗ್ರಾಣಕ್ಕೆ ಒಬ್ಬರನ್ನು ಕೂರಿಸುತ್ತಾರೆ. ಸಾಮಾನ್ಯವಾಗಿ ಸ್ವಲ್ಪ ಜುಗ್ಗ ಸ್ವಭಾವದ ಹಿರಿಯರೇ ಆ ಕೆಲಸಕ್ಕೆ ಲಾಯಕ್ಕು. ಒಂದು ಸೇರು ಬೆಲ್ಲ ಹೊರಗೆ ಹೋಗಬೇಕಾದರೂ ನಾಲ್ಕು ಪ್ರಶ್ನೆ ಕೇಳುತ್ತಾರೆ. ನಮ್ಮ ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳ ಹೊರಪದರದಲ್ಲಿ ಹುಟ್ಟುವ ಅಲ್ಡೋಸ್ಟೆರೋನ್ ಎಂಬ ಹಾರ್ಮೋನು ಇಂಥದೇ ಉಗ್ರಾಣಿ. ಅದು ಕಾಯುವುದು ಉಪ್ಪನ್ನು.

ಲೆಕ್ಕ ನೋಡಿ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಕರಗಿರುವ ಉಪ್ಪನ್ನು ಒಣಗಿಸಿ ತೂಗಲು ಸಾಧ್ಯವಿದ್ದರೆ ಹತ್ತಿರ ಹತ್ತಿರ ಒಂದೂವರೆ ಕಿಲೋ ಆಗುತ್ತದೆ. ಅಷ್ಟೂ ಮೂತ್ರದಲ್ಲಿ ಹೋದರೆ ಮನುಷ್ಯ ಒಂದು ದಿನವೂ ಬದುಕುವುದಿಲ್ಲ. ಹಾಗಾಗಿ ಮೂತ್ರಪಿಂಡದ ಸಣ್ಣ ನಾಳಗಳು ದಾರಿಯುದ್ದಕ್ಕೂ ಅದನ್ನು ರಕ್ತಕ್ಕೆ ಮರಳಿ ಎಳೆದುಕೊಳ್ಳುತ್ತವೆ. ದಾರಿಯ ಕೊನೆಗೆ ಬರುವಷ್ಟರಲ್ಲಿ ಉಳಿದಿರುವುದು ನೂರಕ್ಕೆ ಎರಡು ಮೂರು ಪಾಲು. ಅಷ್ಟನ್ನು ಉಳಿಸಿಕೊಳ್ಳಬೇಕೋ, ಹೋಗಲು ಬಿಡಬೇಕೋ ಎಂಬ ತೀರ್ಮಾನ ಅಲ್ಡೋಸ್ಟೆರೋನಿನದು. ನೂರಕ್ಕೆ ಎರಡು ಎಂದರೆ ಜುಜುಬಿ ಅನ್ನಿಸಬಹುದು. ಒಂದೂವರೆ ಕಿಲೋದಲ್ಲಿ ಅದು 30 ಗ್ರಾಂ, ನಾವು ಮೂರು ದಿನ ತಿನ್ನುವ ಉಪ್ಪು. ಉಪ್ಪು ಉಳಿದಲ್ಲಿ ಅದರ ಹಿಂದೆ ನೀರೂ ಉಳಿಯುತ್ತದೆ. ನೀರು ಉಳಿದರೆ ರಕ್ತನಾಳ ತುಂಬಿ ಒತ್ತಡ ಏರುತ್ತದೆ.

ಉಗ್ರಾಣಿ ಪುಕ್ಕಟೆ ಕೆಲಸ ಮಾಡುವುದಿಲ್ಲ. ಉಪ್ಪಿನಲ್ಲಿರುವ ಸೋಡಿಯಂ ಒಳಗೆ ಬರುವಾಗ ಅದೇ ಜಾಗದಲ್ಲಿ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಒಂದು ಬಂದರೆ ಒಂದು ಹೋಗಬೇಕು, ಹೆಚ್ಚುಕಡಿಮೆ ಸಂತೆಯ ವಿನಿಮಯದ ಹಾಗೆ. ಈ ಕೊಡುಕೊಳ್ಳುವಿಕೆಯನ್ನು ಓದುಗರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಎಳನೀರಿನ ವ್ಯಾಜ್ಯ ತೀರ್ಮಾನವಾಗುವುದು ಇಲ್ಲೇ.

ಉಗ್ರಾಣಿ ಇಷ್ಟು ಜುಗ್ಗನಾಗಿರುವುದು ಅವನ ತಪ್ಪಲ್ಲ. ಉಪ್ಪು ಅಪರೂಪವಾಗಿದ್ದ ಕಾಲದ ನೇಮಕಾತಿ ಅವನದು. ಬ್ರೆಜಿಲ್ ಮತ್ತು ವೆನೆಜುವೆಲಾ ಗಡಿಯ ಕಾಡುಗಳಲ್ಲಿ ಯಾನೊಮಾಮಿ ಎಂಬ ಜನರಿದ್ದಾರೆ. ಪರಂಪರೆಯಿಂದ ಅವರು ಅಡುಗೆಗೆ ಉಪ್ಪು ಬಳಸುವವರಲ್ಲ. 1970ರ ದಶಕದಲ್ಲಿ ಸಂಶೋಧಕರು ಅವರನ್ನು ಪರೀಕ್ಷಿಸಿದಾಗ ಮೂತ್ರದಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ, ಅಲ್ಡೋಸ್ಟೆರೋನ್ ಮಾತ್ರ ನಮಗಿಂತ ಎಷ್ಟೋ ಪಾಲು ಹೆಚ್ಚು. ರಕ್ತದೊತ್ತಡವೋ ಕೆಳಗೇ ಇತ್ತು, ವಯಸ್ಸಾದಂತೆ ಏರುತ್ತಲೂ ಇರಲಿಲ್ಲ. ಅಂದರೆ ಉಗ್ರಾಣ ಬರಿದಾಗಿದ್ದಾಗ ಉಗ್ರಾಣಿಯ ಜುಗ್ಗತನದಿಂದ ಕೇಡಿಲ್ಲ. ಉಗ್ರಾಣ ತುಂಬಿ ತುಳುಕುತ್ತಿದ್ದೂ ಅವನು ಬಾಗಿಲು ಬಿಗಿ ಹಿಡಿದರೆ ಕಷ್ಟ ಶುರು. ದಿನಕ್ಕೆ 5 ಗ್ರಾಂ ಒಳಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದ ಅಧ್ಯಯನಗಳು ನಾವು 8ರಿಂದ 11 ಗ್ರಾಂ ತಿನ್ನುತ್ತೇವೆ ಎನ್ನುತ್ತವೆ. ಉಪ್ಪಿನಕಾಯಿ, ಹಪ್ಪಳ, ಚಿತ್ರಾನ್ನದ ಮೇಲೆ ಇನ್ನಷ್ಟು ಉಪ್ಪು ಉದುರಿಸಿಕೊಳ್ಳುವ ನಮ್ಮ ಮನೆಗಳನ್ನು ನೋಡಿದರೆ ನನಗೇನೂ ಆಶ್ಚರ್ಯವಾಗುವುದಿಲ್ಲ.

ಉಗ್ರಾಣಿಗೆ ಅಪ್ಪಣೆ ಕೊಡುವವರು ಯಾರು? ಅಲ್ಲಿ ಒಂದು ದೊಡ್ಡ ಸರಪಳಿಯೇ ಇದೆ. ಮೂತ್ರಪಿಂಡಕ್ಕೆ ಬರುವ ರಕ್ತದ ಒತ್ತಡ ಕುಸಿದರೆ ಅದು ರೆನಿನ್ ಎಂಬ ಪದಾರ್ಥ ಬಿಡುತ್ತದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಟೀಗರ್‌ಸ್ಟೆಡ್ ಮತ್ತು ಬೆರ್ಗ್‌ಮನ್ 1898ರಲ್ಲೇ ಇದನ್ನು ಮೊಲಗಳ ಮೂತ್ರಪಿಂಡದಲ್ಲಿ ಗುರುತಿಸಿದ್ದರು. ರೆನಿನ್ ಯಕೃತ್ತಿನಿಂದ ಬಂದ ಒಂದು ಪ್ರೋಟೀನನ್ನು ಕತ್ತರಿಸುತ್ತದೆ, ಶ್ವಾಸಕೋಶದಲ್ಲಿ ಹೆಚ್ಚಾಗಿರುವ ಇನ್ನೊಂದು ಕಿಣ್ವ ಅದನ್ನು ಮತ್ತೆ ಕತ್ತರಿಸುತ್ತದೆ, ಕೊನೆಗೆ ಉಳಿಯುವ ಆಂಜಿಯೊಟೆನ್ಸಿನ್ ರಕ್ತನಾಳಗಳನ್ನು ಹಿಂಡಿ, ಅಡ್ರಿನಲ್ ಗ್ರಂಥಿಗೆ "ಅಲ್ಡೋಸ್ಟೆರೋನ್ ಬಿಡು" ಎನ್ನುತ್ತದೆ. ಬಿಪಿಗೆಂದು ನಮ್ಮಲ್ಲಿ ಲಕ್ಷಾಂತರ ಜನ ನುಂಗುವ ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಮುಂತಾದವು ಕೆಲಸ ಮಾಡುವುದು ಈ ಸರಪಳಿಯ ನಡುಭಾಗದಲ್ಲಿ. ಅವು ಅಲ್ಡೋಸ್ಟೆರೋನನ್ನೂ ತಗ್ಗಿಸುತ್ತವೆ, ನಿಜ. ಆದರೆ ಎಷ್ಟೋ ಜನರಲ್ಲಿ ಕೆಲವು ತಿಂಗಳಾದ ಮೇಲೆ ಅದು ಬೇರೆ ದಾರಿ ಹಿಡಿದು ಮತ್ತೆ ಏರುತ್ತದೆ. ಪೊಟ್ಯಾಸಿಯಂ ಹೆಚ್ಚಾದರೂ ಸಾಕು, ಅಡ್ರಿನಲ್ ತಾನೇ ಎಚ್ಚರಗೊಳ್ಳುತ್ತದೆ.

ಈ ಹಾರ್ಮೋನನ್ನು ಮೊದಲು ಕೈಗೆ ಹಿಡಿದವರು ಲಂಡನ್ನಿನ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್. ಇಬ್ಬರೂ ಮುಂದೆ ಮದುವೆಯಾದರು. ದನಗಳ ಅಡ್ರಿನಲ್ ಗ್ರಂಥಿಗಳನ್ನು ರಾಶಿಗಟ್ಟಲೆ ಅರೆದು, ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ತಾಡೆಯುಸ್ ರೈಖ್‌ಸ್ಟೈನ್ ತಂಡದ ಜೊತೆ ಸೇರಿ 1953ರಲ್ಲಿ ಅವರು ಅದರ ಹರಳುಗಳನ್ನು ಬೇರ್ಪಡಿಸಿದರು. ಸಿಕ್ಕಿದ್ದು ಮಿಲಿಗ್ರಾಂ ಲೆಕ್ಕದಲ್ಲಿ. ಮೊದಲು ಎಲೆಕ್ಟ್ರೊಕಾರ್ಟಿನ್ ಎಂದು ಕರೆದು, ರಚನೆ ಗೊತ್ತಾದ ಮೇಲೆ ಅಲ್ಡೋಸ್ಟೆರೋನ್ ಎಂದು ಹೆಸರಿಟ್ಟರು.

ಮರುವರ್ಷವೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಜೆರೋಮ್ ಕಾನ್ ಎಂಬ ವೈದ್ಯರ ಮುಂದೆ 34 ವರ್ಷದ ಹೆಂಗಸೊಬ್ಬರು ಬಂದರು. ಏಳು ವರ್ಷಗಳಿಂದ ಸ್ನಾಯುಗಳು ಬಿಗಿದುಕೊಳ್ಳುವುದು, ಆಗಾಗ ಕಾಲೇ ಬಿದ್ದುಹೋದಂತಾಗುವುದು, ಜೊತೆಗೆ ಬಿಪಿ. ರಕ್ತದಲ್ಲಿ ಪೊಟ್ಯಾಸಿಯಂ ಬಹಳ ಕಡಿಮೆ. ಕಾನ್ ಮಹಾಯುದ್ಧದ ಸಮಯದಲ್ಲಿ ಸೆಕೆನಾಡಿನ ಸೈನಿಕರ ಬೆವರಿನ ಮೇಲೆ ಅಧ್ಯಯನ ಮಾಡಿದ್ದವರು. ಬಿಸಿಲಿಗೆ ಒಗ್ಗಿಕೊಂಡ ದೇಹ ಬೆವರಿನಲ್ಲೂ ಉಪ್ಪು ಉಳಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಈಕೆಯ ಬೆವರಿನಲ್ಲೂ ಉಪ್ಪು ಅತಿ ಕಡಿಮೆ. ಉಗ್ರಾಣಿ ಹದ್ದುಮೀರಿದ್ದಾನೆ ಎಂದು ಅವರು ಊಹಿಸಿದರು. 1954ರ ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿದಾಗ ಬಲಗಡೆಯ ಅಡ್ರಿನಲ್‌ನಲ್ಲಿ ಗಡ್ಡೆ ಇತ್ತು. ತೆಗೆದ ಮೇಲೆ ಆಕೆ ಚೇತರಿಸಿಕೊಂಡರು. ಇಂದಿಗೂ ಆ ಕಾಯಿಲೆಯನ್ನು ವೈದ್ಯರು ಕಾನ್ಸ್ ಸಿಂಡ್ರೋಮ್ ಎನ್ನುತ್ತಾರೆ. ಬಹುಕಾಲ ಇದನ್ನು ಅಪರೂಪದ ಕಾಯಿಲೆ ಎಂದೇ ಪಾಠ ಮಾಡುತ್ತಿದ್ದರು. ಹುಡುಕತೊಡಗಿದ ಮೇಲೆ ತಿಳಿದದ್ದೇ ಬೇರೆ: ಯಾವ ಔಷಧಿಗೂ ಜಗ್ಗದ ಬಿಪಿ ಇರುವವರಲ್ಲಿ ಐದರಲ್ಲೊಬ್ಬರಿಗೆ ಅಲ್ಡೋಸ್ಟೆರೋನಿನದೇ ಕಾಟ ಇರಬಹುದು. ಎಲ್ಲರಿಗೂ ಗಡ್ಡೆ ಇರುವುದಿಲ್ಲ, ಕೆಲವರಲ್ಲಿ ಎರಡೂ ಗ್ರಂಥಿಗಳು ಸುಮ್ಮಸುಮ್ಮನೆ ಹೆಚ್ಚು ಸುರಿಸುತ್ತವೆ.

ಈಗ ಮಾತ್ರೆಗೆ ಬರೋಣ. ಅಮೆರಿಕದ ಸರ್ಲ್ ಕಂಪನಿಯ ಪ್ರಯೋಗಾಲಯದಲ್ಲಿ ಚಾರ್ಲ್ಸ್ ಕಗಾವಾ ಮತ್ತು ಜೊತೆಗಾರರು 1957ರಲ್ಲಿ ಅಲ್ಡೋಸ್ಟೆರೋನನ್ನು ಹೋಲುವ, ಆದರೆ ಅದರ ಕೆಲಸ ಮಾಡದ ಪದಾರ್ಥಗಳ ಬಗ್ಗೆ ಬರೆದರು. ಆ ಸಾಲಿನಲ್ಲಿ ಗೆದ್ದದ್ದು ಸ್ಪೈರೊನೊಲ್ಯಾಕ್ಟೋನ್. ಅದು ಕೆಲಸ ಮಾಡುವ ರೀತಿಯನ್ನು ಹೇಳಲು ನಮ್ಮ ಬಸ್ ನಿಲ್ದಾಣಕ್ಕಿಂತ ಒಳ್ಳೆಯ ಜಾಗವಿಲ್ಲ. ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನೋಡಿದ್ದೀರಲ್ಲ? ಮೂತ್ರಪಿಂಡದ ಜೀವಕೋಶದೊಳಗೆ ಅಲ್ಡೋಸ್ಟೆರೋನ್ ಬಂದು ಕೂರಲು ಒಂದು ಸೀಟಿದೆ. ಅದು ಕೂತರೆ ಮಾತ್ರ ಬಸ್ಸು ಹೊರಡುತ್ತದೆ, ಅಂದರೆ ಉಪ್ಪು ಎಳೆದುಕೊಳ್ಳುವ ಕಾಲುವೆಗಳನ್ನು ಕಟ್ಟಲು ಜೀವಕೋಶಕ್ಕೆ ಆಜ್ಞೆ ಹೋಗುತ್ತದೆ. ಸ್ಪೈರೊನೊಲ್ಯಾಕ್ಟೋನ್ ಆ ಸೀಟಿನ ಮೇಲೆ ಹಾಸಿದ ಟವೆಲ್. ಅಲ್ಡೋಸ್ಟೆರೋನ್ ರಕ್ತದಲ್ಲಿ ಇದ್ದೇ ಇರುತ್ತದೆ, ಕೂರಲು ಜಾಗವಿಲ್ಲದೆ ಸುಮ್ಮನೆ ನಿಂತಿರುತ್ತದೆ.

ಹಳೆಯ ಕಾಲುವೆಗಳು ಸವೆದು, ಹೊಸವು ಕಟ್ಟದೆ ಇರುವುದರಿಂದ ಉಪ್ಪು ನಿಧಾನವಾಗಿ ಹೊರಗೆ ಹೋಗತೊಡಗುತ್ತದೆ. ಈ ನಿಧಾನವನ್ನು ಗಮನಿಸಬೇಕು. ಫ್ಯುರೊಸೆಮೈಡ್ ಎಂಬ ಇನ್ನೊಂದು ಮೂತ್ರದ ಮಾತ್ರೆ ನುಂಗಿದ ಗಂಟೆಯೊಳಗೆ ರೋಗಿಯನ್ನು ಓಡಾಡಿಸುತ್ತದೆ. ಸ್ಪೈರೊನೊಲ್ಯಾಕ್ಟೋನ್ ಪರಿಣಾಮ ಶುರುವಾಗಲು ಎರಡು ಮೂರು ದಿನ ಬೇಕು, ಬಿಪಿ ಪೂರ್ತಿ ಇಳಿಯಲು ಕೆಲವು ವಾರ. "ನಾಲ್ಕು ದಿನ ನುಂಗಿದೆ, ಏನೂ ಆಗಲಿಲ್ಲ, ಬಿಟ್ಟೆ" ಎನ್ನುವವರು ಬಸ್ಸು ಹೊರಡುವ ಮೊದಲೇ ಇಳಿದುಬಿಟ್ಟವರು.

ಟವೆಲಿನ ಕಥೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆ ಸೀಟಿಗೆ ಅಲ್ಡೋಸ್ಟೆರೋನ್ ಒಂದೇ ಅಲ್ಲ, ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನೂ ಸರಿಯಾಗಿ ಹೊಂದುತ್ತದೆ. ರಕ್ತದಲ್ಲಿ ಕಾರ್ಟಿಸಾಲ್ ನೂರಾರು ಪಟ್ಟು ಹೆಚ್ಚು. ಹಾಗಿದ್ದರೂ ಅದು ನುಗ್ಗಿ ಕೂರದಂತೆ ಮೂತ್ರಪಿಂಡದಲ್ಲಿ ಒಬ್ಬ ಕಂಡಕ್ಟರ್ ಇದ್ದಾನೆ. ಅದೊಂದು ಕಿಣ್ವ, ಕಾರ್ಟಿಸಾಲನ್ನು ಬಾಗಿಲಲ್ಲೇ ಹಿಡಿದು ರೂಪ ಬದಲಿಸಿಬಿಡುತ್ತದೆ. ನಮ್ಮ ಮನೆಗಳಲ್ಲಿ ಗಂಟಲು ಕೆರೆತಕ್ಕೆ ಅಗಿಯುವ ಅತಿಮಧುರ, ಕೆಲವರು ಜ್ಯೇಷ್ಠಮಧು ಎನ್ನುವ ಬೇರು, ಈ ಕಂಡಕ್ಟರನನ್ನು ಮಲಗಿಸುತ್ತದೆ. ಒಂದೆರಡು ದಿನ ಚೂರು ಅಗಿದರೆ ಏನಾಗದು. ತಿಂಗಳುಗಟ್ಟಲೆ ಕಷಾಯ ಮಾಡಿ ಕುಡಿದರೆ ಕಾರ್ಟಿಸಾಲ್ ಸೀಟಿನಲ್ಲಿ ಕೂತು, ಅಲ್ಡೋಸ್ಟೆರೋನ್ ಮಾಡುವ ಕೆಲಸವನ್ನೇ ಮಾಡುತ್ತದೆ. ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಡಾಕ್ಟರ ಮುಂದೆ ಕಷಾಯವನ್ನು ಔಷಧಿಯ ಲೆಕ್ಕಕ್ಕೆ ಸೇರಿಸಿ ಹೇಳುವ ಅಭ್ಯಾಸ ನಮಗಿಲ್ಲ, ಅದಕ್ಕೇ ಇದನ್ನು ಬರೆದೆ.

ಎಲ್ಲ ಬಿಪಿಗೂ ಈ ಮಾತ್ರೆ ಮೊದಲ ಆಯ್ಕೆಯಲ್ಲ. ಮೂರು ಬಗೆಯ ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಇಳಿಯದ ಹಟಮಾರಿ ಬಿಪಿಗೆ ನಾಲ್ಕನೆಯದಾಗಿ ಏನು ಕೊಡಬೇಕು ಎಂಬ ಪ್ರಶ್ನೆ ಬಹಳ ವರ್ಷ ಇತ್ತು. ಬ್ರಿಟನ್ನಿನಲ್ಲಿ ಬ್ರಯಾನ್ ವಿಲಿಯಮ್ಸ್ ಮತ್ತು ಸಂಗಡಿಗರು ನಡೆಸಿದ ಪಾತ್‌ವೇ-2 ಎಂಬ ಪ್ರಯೋಗದ ಫಲಿತಾಂಶ 2015ರಲ್ಲಿ ಹೊರಬಂತು. ಅವರು ಒಬ್ಬೊಬ್ಬ ರೋಗಿಗೂ ಸರದಿಯಂತೆ ನಾಲ್ಕನ್ನೂ ಕೊಟ್ಟರು: ಸ್ಪೈರೊನೊಲ್ಯಾಕ್ಟೋನ್, ಬಿಸೊಪ್ರೊಲಾಲ್, ಡಾಕ್ಸಜೋಸಿನ್, ಮತ್ತೆ ಔಷಧಿಯೇ ಇಲ್ಲದ ಹುಸಿಮಾತ್ರೆ. ಬಿಪಿಯನ್ನು ಆಸ್ಪತ್ರೆಯಲ್ಲಲ್ಲ, ಅವರವರ ಮನೆಯಲ್ಲೇ ಅಳೆದುಕೊಂಡರು. ಸ್ಪೈರೊನೊಲ್ಯಾಕ್ಟೋನ್ ಉಳಿದೆಲ್ಲವನ್ನೂ ಹಿಂದೆ ಹಾಕಿತು. ಹುಸಿಮಾತ್ರೆಗಿಂತ ಮೇಲಿನ ಬಿಪಿಯನ್ನು 8.7ರಷ್ಟು ಹೆಚ್ಚು ಇಳಿಸಿತ್ತು. ಹಟಮಾರಿ ಬಿಪಿಯ ಬೇರು ಬಹುಪಾಲು ದೇಹ ಬಿಡದೆ ಹಿಡಿದಿಟ್ಟ ಉಪ್ಪಿನಲ್ಲಿದೆ ಎಂದು ಇದರಿಂದ ತಿಳಿಯಿತು. ಅರವತ್ತು ವರ್ಷ ಹಳೆಯ ಅಗ್ಗದ ಮಾತ್ರೆಯೊಂದು ಇಂಥ ಪಂದ್ಯ ಗೆದ್ದಾಗ ಜಾಹೀರಾತು ಕೊಡಲು ಯಾರಿಗೂ ಲಾಭವಿಲ್ಲ. ಎಷ್ಟೋ ಬಿಪಿ ರೋಗಿಗಳಿಗೆ ಇದು ಇನ್ನೂ ತಲುಪದಿರುವುದಕ್ಕೆ ಅದೂ ಒಂದು ಕಾರಣ ಎಂದು ನನ್ನ ಅನುಮಾನ.

ಆದರೆ ಈ ಮಾತ್ರೆ ನಿಜವಾಗಿ ಹೆಸರು ಮಾಡಿದ್ದು ಹೃದಯ ವೈಫಲ್ಯದಲ್ಲಿ. ವೈಫಲ್ಯ ಎಂಬ ಪದ ಕೇಳಿ ಜನ ಹೆದರುತ್ತಾರೆ, ಹೃದಯ ನಿಂತೇ ಹೋಯಿತೇನೋ ಎಂದು. ಹಾಗಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲು ಹೃದಯಕ್ಕೆ ಶಕ್ತಿ ಸಾಲದಿರುವುದು, ಅಷ್ಟೇ. ತೊಂದರೆ ಎಲ್ಲಿ ಎಂದರೆ, ಮೂತ್ರಪಿಂಡಕ್ಕೆ ಹೃದಯ ಕಾಣುವುದಿಲ್ಲ. ಅದಕ್ಕೆ ಗೊತ್ತಾಗುವುದು ತನ್ನ ಬಾಗಿಲಿಗೆ ಬರುವ ರಕ್ತ ಎಷ್ಟು ಎನ್ನುವುದೊಂದೇ. ಕಡಿಮೆ ಬಂತೆಂದರೆ ಮನುಷ್ಯನಿಗೆ ಗಾಯವಾಗಿ ರಕ್ತ ಸೋರಿರಬೇಕು, ಅಥವಾ ವಾಂತಿಭೇದಿಯಾಗಿ ನೀರು ಖಾಲಿಯಾಗಿರಬೇಕು ಎಂದು ಅದು ತಿಳಿಯುತ್ತದೆ. ಲಕ್ಷಾಂತರ ವರ್ಷ ಆ ಎರಡೇ ಕಾರಣಕ್ಕೆ ರಕ್ತ ಕಡಿಮೆಯಾಗುತ್ತಿದ್ದದ್ದು. ಕೂಡಲೇ ರೆನಿನ್, ಆಂಜಿಯೊಟೆನ್ಸಿನ್, ಅಲ್ಡೋಸ್ಟೆರೋನ್ ಎಲ್ಲವೂ ಎದ್ದು, ಉಪ್ಪು ಹಿಡಿ, ನೀರು ಹಿಡಿ ಎನ್ನುತ್ತವೆ. ಮೊದಲೇ ಸೋತ ಹೃದಯದ ಮೇಲೆ ಇನ್ನಷ್ಟು ನೀರಿನ ಹೊರೆ ಬೀಳುತ್ತದೆ. ಕಾಲು ಬಾತುಕೊಳ್ಳುತ್ತದೆ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ, ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುತ್ತದೆ.

ಇದನ್ನು ದೊಡ್ಡಪ್ಪನಿಗೆ ವಿವರಿಸಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, "ಅಂದ್ರೆ ಮೋಟ್ರು ಸೊರಗಿರೋದಕ್ಕೆ ಬೋರು ಇನ್ನೂ ನೂರಡಿ ಆಳ ಕೊರೆಸಿದಂಗಾಯ್ತು" ಎಂದರು. ನನ್ನ ಮೂರು ವಾಕ್ಯಗಳಿಗಿಂತ ಅದು ಮೇಲು.

ಅಲ್ಡೋಸ್ಟೆರೋನಿನ ಕೇಡು ನೀರಿಗೇ ನಿಲ್ಲುವುದಿಲ್ಲ. ಅದರ ಸೀಟುಗಳು ಹೃದಯದ ಸ್ನಾಯುವಿನಲ್ಲೂ ರಕ್ತನಾಳದ ಗೋಡೆಗಳಲ್ಲೂ ಇವೆ. ಅಲ್ಲಿ ಅದು ಬಹುಕಾಲ ಕೂತರೆ ಮೆದುವಾದ ಸ್ನಾಯುಗಳ ನಡುವೆ ನಾರು ಬೆಳೆಯುತ್ತದೆ. ನಾರುಗಟ್ಟಿದ ಹೃದಯ ಸರಿಯಾಗಿ ಹಿಗ್ಗುವುದೂ ಇಲ್ಲ, ಅದರ ವಿದ್ಯುತ್ ಸಂಚಾರವೂ ಹದ ತಪ್ಪುತ್ತದೆ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇದು ಕಂಡಿತ್ತು. ಆದರೆ ರೋಗಿಗಳಿಗೆ ಕೊಡಲು ವೈದ್ಯರು ಹಿಂಜರಿಯುತ್ತಿದ್ದರು. ಹೃದಯ ವೈಫಲ್ಯದವರು ಆಗಲೇ ಎನಾಲಾಪ್ರಿಲ್‌ನಂಥ ಔಷಧಿಯಲ್ಲಿರುತ್ತಿದ್ದರು, ಅದೂ ಪೊಟ್ಯಾಸಿಯಂ ಏರಿಸುವ ಔಷಧಿ. ಎರಡೂ ಸೇರಿದರೆ ಅಪಾಯ ಎನ್ನುವುದು ಪಠ್ಯಪುಸ್ತಕದ ಮಾತು.

ಬರ್ಟ್ರಂ ಪಿಟ್ ನೇತೃತ್ವದಲ್ಲಿ ನಡೆದ ರಾಲ್ಸ್ ಎಂಬ ಪ್ರಯೋಗ ಆ ಹಿಂಜರಿಕೆಯನ್ನು ಮುರಿಯಿತು. 15 ದೇಶಗಳ 1,663 ಜನ, ಎಲ್ಲರದೂ ತೀವ್ರ ಹೃದಯ ವೈಫಲ್ಯ. ಅರ್ಧ ಜನರಿಗೆ 25 ಮಿಲಿಗ್ರಾಂ ಸ್ಪೈರೊನೊಲ್ಯಾಕ್ಟೋನ್, ಅರ್ಧ ಜನರಿಗೆ ಹುಸಿಮಾತ್ರೆ. ಈ ಔಷಧಿಯನ್ನು ಮೊದಲೆಲ್ಲ 100, 200 ಮಿಲಿಗ್ರಾಂ ಕೊಡುತ್ತಿದ್ದವರಿಗೆ 25 ಎಂದರೆ ಮಕ್ಕಳ ಡೋಸು. ಸರಾಸರಿ ಎರಡು ವರ್ಷ ಆಗುವಷ್ಟರಲ್ಲಿ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು, ಏಕೆಂದರೆ ಹುಸಿಮಾತ್ರೆಯ ಗುಂಪಿನಲ್ಲಿ ನೂರಕ್ಕೆ 46 ಜನ ತೀರಿಕೊಂಡಿದ್ದರು, ಔಷಧಿಯ ಗುಂಪಿನಲ್ಲಿ 35. ಫಲಿತಾಂಶ ಪ್ರಕಟವಾದದ್ದು 1999ರಲ್ಲಿ. ಮುಂದೆ ಹೃದಯಾಘಾತದ ನಂತರದ ರೋಗಿಗಳಲ್ಲಿ 2003ರಲ್ಲಿ, ಲಕ್ಷಣಗಳು ಅಷ್ಟು ತೀವ್ರವಲ್ಲದವರಲ್ಲಿ 2011ರಲ್ಲಿ, ಇದರ ತಮ್ಮನಾದ ಎಪ್ಲೆರಿನೋನ್ ಇದೇ ಮಾತನ್ನು ದೃಢಪಡಿಸಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಮಾತ್ರೆಯ ಗುಣಗಾನವಾಗುತ್ತಿತ್ತು. ಕೆನಡಾದ ಒಂಟಾರಿಯೊದಲ್ಲಿ ಆದದ್ದನ್ನೂ ಹೇಳಬೇಕು. ರಾಲ್ಸ್ ಪ್ರಕಟವಾದದ್ದೇ ತಡ, ಅಲ್ಲಿನ ವೈದ್ಯರು ಹೃದಯ ವೈಫಲ್ಯದ ವೃದ್ಧರಿಗೆ ಈ ಮಾತ್ರೆಯನ್ನು ಧಾರಾಳವಾಗಿ ಬರೆಯತೊಡಗಿದರು. 1994ರಲ್ಲಿ ಸಾವಿರಕ್ಕೆ 34 ಇದ್ದದ್ದು 2001ರ ಕೊನೆಗೆ 149. ಜೊತೆಗೇ, ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರಿದವರು ಸಾವಿರಕ್ಕೆ 2.4ರಿಂದ 11ಕ್ಕೆ ಏರಿದರು. ಅದರಿಂದ ಸತ್ತವರೂ ಹೆಚ್ಚಾದರು. 2004ರಲ್ಲಿ ಈ ಲೆಕ್ಕ ಹೊರಬಂದಾಗ ವೈದ್ಯಲೋಕ ಬೆಚ್ಚಿತು. ಔಷಧಿ ಅದೇ, ಡೋಸೂ ಹೆಚ್ಚುಕಡಿಮೆ ಅದೇ. ಪ್ರಯೋಗದಲ್ಲಿದ್ದವರ ರಕ್ತವನ್ನು ಗಡಿಯಾರ ಇಟ್ಟು ಪರೀಕ್ಷಿಸುತ್ತಿದ್ದರು, ಮೂತ್ರಪಿಂಡ ಕೆಟ್ಟವರನ್ನು ಮೊದಲೇ ಹೊರಗಿಟ್ಟಿದ್ದರು. ಊರಿನ ರೋಗಿಗಳಿಗೆ ಆ ಭಾಗ್ಯ ಇರಲಿಲ್ಲ.

ಆಗಲೇ ಹೇಳಿದ ಸಂತೆಯ ವಿನಿಮಯ ಜ್ಞಾಪಕವಿದೆಯಲ್ಲ? ಉಪ್ಪು ಒಳಗೆ ಬರುವುದು ನಿಂತರೆ ಪೊಟ್ಯಾಸಿಯಂ ಹೊರಗೆ ಹೋಗುವುದೂ ನಿಲ್ಲುತ್ತದೆ. ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ನೂರಕ್ಕೆ 98 ಭಾಗ ಜೀವಕೋಶಗಳ ಒಳಗೇ ಇರುತ್ತದೆ. ಹೊರಗೆ ಉಳಿಯುವ ಎರಡು ಭಾಗದ ಏರಿಳಿತವೇ ಹೃದಯದ ಬಡಿತವನ್ನು ಆಡಿಸುವುದು. ರಕ್ತಪರೀಕ್ಷೆಯಲ್ಲಿ 3.5ರಿಂದ 5 ಇದ್ದರೆ ಸರಿ. 5.5 ದಾಟಿದರೆ ಡೋಸು ಇಳಿಸುವ ಮಾತು, 6 ದಾಟಿದರೆ ನಿಲ್ಲಿಸುವ ಮಾತು. ಇನ್ನೂ ಏರಿದರೆ ಹೃದಯ ಮುನ್ಸೂಚನೆ ಇಲ್ಲದೆ ತಾಳ ತಪ್ಪಬಹುದು. ಕೈಕಾಲು ಸೋತಂತಾಗುವುದು ಬಿಟ್ಟರೆ ರೋಗಿಗೆ ಏನೂ ಗೊತ್ತಾಗದಿರುವುದೇ ಹೆಚ್ಚು. ಹಾಗಾಗಿಯೇ ಮಾತ್ರೆ ಶುರುಮಾಡಿದ ವಾರದಲ್ಲೊಮ್ಮೆ, ತಿಂಗಳಿಗೆ ಮತ್ತೊಮ್ಮೆ, ಆಮೇಲೆ ಕೆಲವು ತಿಂಗಳಿಗೊಮ್ಮೆ ಪೊಟ್ಯಾಸಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಬೇಕು. ಹಳ್ಳಿಯಿಂದ ಬಸ್ಸು ಹಿಡಿದು ಲ್ಯಾಬಿಗೆ ಬರುವುದೇ ಮಾತ್ರೆಗಿಂತ ದುಬಾರಿ ಎನ್ನುವುದು ನನಗೆ ಗೊತ್ತು. ಆದರೂ ಅದನ್ನು ತಪ್ಪಿಸಿದವರು ನುಂಗುತ್ತಿರುವುದು ಅರ್ಧ ಔಷಧಿಯನ್ನೇ.

ಒಂದು ಎಳನೀರಿನಲ್ಲಿ ಸುಮಾರು 500 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ದೊಡ್ಡ ಕಾಯಿಯಾದರೆ ಇನ್ನೂ ಹೆಚ್ಚು. ಗಟ್ಟಿಮುಟ್ಟಾದವರಿಗೆ ಅದು ಅಮೃತವೇ, ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಮೂತ್ರಪಿಂಡ ಸೊರಗಿ, ರಾಮಿಪ್ರಿಲ್ ಒಂದು ಕಡೆ, ಸ್ಪೈರೊನೊಲ್ಯಾಕ್ಟೋನ್ ಇನ್ನೊಂದು ಕಡೆ ಬಾಗಿಲು ಹಾಕಿರುವವರಿಗೆ ದಿನಕ್ಕೆ ಎರಡು ಎಳನೀರು ಎಂದರೆ ಆಟವಲ್ಲ. ಅದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು 'ಕಡಿಮೆ ಸೋಡಿಯಂ ಉಪ್ಪು' ಎಂದು ಅಂಗಡಿಗಳಲ್ಲಿ ಸಿಗುವ ಪೊಟ್ಟಣದ ಬಗ್ಗೆ. ಅದರಲ್ಲಿ ಸೋಡಿಯಂ ಕಡಿಮೆಯಾದ ಜಾಗವನ್ನು ತುಂಬಿರುವುದು ಪೊಟ್ಯಾಸಿಯಂ. ಸಾಮಾನ್ಯ ಬಿಪಿಯವರಿಗೆ ಒಳ್ಳೆಯದು, ಈ ಮಾತ್ರೆಯವರಿಗೆ ಡಾಕ್ಟರನ್ನು ಕೇಳದೆ ಮುಟ್ಟುವಂತಿಲ್ಲ. ಹಾಗೆಯೇ ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್. ಅವು ಮೂತ್ರಪಿಂಡದ ರಕ್ತ ಸಂಚಾರ ತಗ್ಗಿಸಿ ಪೊಟ್ಯಾಸಿಯಂ ಏರಿಸುತ್ತವೆ. ವಾಂತಿಭೇದಿ ಹಿಡಿದರೆ ಅಂದೇ ಡಾಕ್ಟರಿಗೆ ಫೋನು ಮಾಡಿ, ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಕೇಳಬೇಕು. ನಮ್ಮವರು ಆ ಹೊತ್ತಿಗೆ ಮೊದಲು ತರುವುದು ಎಳನೀರು, ಆಮೇಲೆ ಫೋನು.

ಇನ್ನೊಂದು ವಿಷಯವನ್ನು ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲ. ಸ್ಪೈರೊನೊಲ್ಯಾಕ್ಟೋನ್ ತನ್ನ ಟವೆಲನ್ನು ಪುರುಷ ಹಾರ್ಮೋನಿನ ಸೀಟಿನ ಮೇಲೂ ಹಾಸುತ್ತದೆ. ರಾಲ್ಸ್‌ನಲ್ಲಿ ಮಾತ್ರೆ ನುಂಗಿದ ಗಂಡಸರಲ್ಲಿ ಹತ್ತರಲ್ಲೊಬ್ಬರಿಗೆ ಎದೆ ಊದಿ ನೋವು ಬಂದಿತ್ತು. ಇದೇ ಗುಣದ ದೆಸೆಯಿಂದ ಚರ್ಮದ ವೈದ್ಯರು ಹೆಂಗಸರ ಮೊಡವೆ, ಮುಖದ ಕೂದಲಿಗೆ ಈ ಮಾತ್ರೆ ಬರೆಯುವುದೂ ಉಂಟು. ನಾಚಿಕೆಯಿಂದ ಹೇಳದೆ ಸದ್ದಿಲ್ಲದೆ ಮಾತ್ರೆ ಬಿಟ್ಟವರು ಎಷ್ಟು ಜನವೋ. ಹೇಳಿದರೆ ದಾರಿ ಇದೆ. ಎಪ್ಲೆರಿನೋನ್ ಪುರುಷ ಹಾರ್ಮೋನಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಇನ್ನೂ ಹೊಸದಾದ ಫಿನೆರಿನೋನ್ ಅದೇ ಸೀಟನ್ನು ಬೇರೆ ರಚನೆಯಿಂದ ಹಿಡಿಯುತ್ತದೆ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟವರಿಗೆಂದು 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅದು ಈಗ ನಮ್ಮಲ್ಲೂ ಸಿಗುತ್ತದೆ. ಬೆಲೆ ಮಾತ್ರ ಹಳೆಯದಕ್ಕಿಂತ ಬಹಳ ಮೇಲೆ, ಮತ್ತು ಪೊಟ್ಯಾಸಿಯಂ ಪರೀಕ್ಷೆಯಿಂದ ಅದಕ್ಕೂ ವಿನಾಯಿತಿ ಇಲ್ಲ.

ಹೃದಯದ ತಳ್ಳುವ ಶಕ್ತಿ ಚೆನ್ನಾಗಿದ್ದೂ ಸರಿಯಾಗಿ ಹಿಗ್ಗದೆ ಬರುವ ವೈಫಲ್ಯವೊಂದಿದೆ. ಬಿಪಿ ಇರುವ ವಯಸ್ಸಾದ ಹೆಂಗಸರಲ್ಲಿ ಅದು ಹೆಚ್ಚು. ಅಲ್ಲಿ ಸ್ಪೈರೊನೊಲ್ಯಾಕ್ಟೋನ್ ಪರೀಕ್ಷಿಸಿದ ಟಾಪ್‌ಕ್ಯಾಟ್ ಎಂಬ ಪ್ರಯೋಗದ ಕಥೆ ಪತ್ತೇದಾರಿ ಕಾದಂಬರಿಯಂತಿದೆ. 3,445 ಜನರ ಆ ಪ್ರಯೋಗ 2014ರಲ್ಲಿ 'ಸ್ಪಷ್ಟ ಲಾಭವಿಲ್ಲ' ಎಂದಿತು. ಬಿಡಿಸಿ ನೋಡಿದಾಗ ಅಮೆರಿಕ ಖಂಡಗಳಲ್ಲಿ ಲಾಭ ಕಂಡಿತ್ತು, ರಷ್ಯಾ ಮತ್ತು ಜಾರ್ಜಿಯಾದಲ್ಲಿ ಇಲ್ಲ. ಅನುಮಾನ ಬಂದ ಸಂಶೋಧಕರು ಕೂಡಿಟ್ಟಿದ್ದ ರಕ್ತದಲ್ಲಿ ಔಷಧಿಯ ಕುರುಹು ಹುಡುಕಿದರು. ಮಾತ್ರೆ ನುಂಗುತ್ತಿದ್ದೇವೆ ಎಂದು ಹೇಳಿದ್ದ ರಷ್ಯಾದವರಲ್ಲಿ ನೂರಕ್ಕೆ 30 ಜನರ ರಕ್ತದಲ್ಲಿ ಕುರುಹೇ ಇರಲಿಲ್ಲ. ಅಮೆರಿಕ, ಕೆನಡಾದವರಲ್ಲಿ ಹಾಗಿದ್ದವರು ಬರೀ ಮೂರು. ರಕ್ತ ಕೊಡದಿದ್ದರೆ ಆ ಪ್ರಯೋಗದ ಸತ್ಯವೂ ಹೊರಬರುತ್ತಿರಲಿಲ್ಲ. ಹತ್ತು ವರ್ಷ ಕಳೆದು, 2024ರಲ್ಲಿ, ಇದೇ ಬಗೆಯ ಆರು ಸಾವಿರ ರೋಗಿಗಳಲ್ಲಿ ಫಿನೆರಿನೋನ್ ಪರೀಕ್ಷಿಸಿದಾಗ ಹೃದಯ ವೈಫಲ್ಯ ಉಲ್ಬಣಿಸುವುದೂ ಹೃದ್ರೋಗದ ಸಾವೂ ಒಟ್ಟು ಲೆಕ್ಕದಲ್ಲಿ ನೂರಕ್ಕೆ 16 ಭಾಗ ತಗ್ಗಿದವು. ಟವೆಲ್ ಹಾಕುವ ಬದಲು ಅಲ್ಡೋಸ್ಟೆರೋನ್ ಹುಟ್ಟದಂತೆಯೇ ತಡೆಯುವ ಬಾಕ್ಸ್‌ಡ್ರೊಸ್ಟಾಟ್‌ನಂಥ ಔಷಧಿಗಳೂ ದೊಡ್ಡ ಪ್ರಯೋಗಗಳನ್ನು ದಾಟಿ ಬರುತ್ತಿವೆ.

ದೊಡ್ಡಪ್ಪನಿಗೆ ಅಷ್ಟು ದೂರದ ಸಮಾಚಾರ ಬೇಡ. ಮೊದಲ ವಾರದ ವರದಿಯಲ್ಲಿ ಪೊಟ್ಯಾಸಿಯಂ 5.2 ಬಂದಿತ್ತು. ಡಾಕ್ಟರು ಮಾತ್ರೆ ನಿಲ್ಲಿಸಲಿಲ್ಲ, ಮಂಡಿನೋವಿನ ಗುಳಿಗೆ ನಿಲ್ಲಿಸಿದರು. ಆ ಗುಳಿಗೆಯ ವಿಷಯ ಅಲ್ಲಿಯವರೆಗೆ ಮನೆಯವರಿಗೂ ಗೊತ್ತಿರಲಿಲ್ಲ. ತಿಂಗಳ ವರದಿಯಲ್ಲಿ 4.7. ಕಾಲಿನ ಬಾವು ಇಳಿದು ಹಳೆಯ ಚಪ್ಪಲಿ ಮತ್ತೆ ಹಿಡಿಸುತ್ತಿದೆ.

ಹೋದ ಭಾನುವಾರ ಹೋದಾಗ ನೋಡಿದೆ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಕೆಂಪು ಪೆನ್ನಿನಲ್ಲಿ 5.2, 4.7 ಎಂದು ಬರೆದಿದ್ದರು. ಮುಂದಿನ ತಾರೀಖಿಗೆ ಒಂದು ಸುತ್ತು ಹಾಕಿತ್ತು. ನೋಡಲು ಬಂದ ನೆಂಟರೊಬ್ಬರು ಅಭ್ಯಾಸದಂತೆ ಎರಡು ಎಳನೀರು ಹಿಡಿದೇ ಬಂದಿದ್ದರು. ದೊಡ್ಡಪ್ಪ ಮಚ್ಚು ತರಿಸಿ ಎರಡನ್ನೂ ತಾವೇ ಕೆತ್ತಿ, ಒಂದನ್ನು ತಂದವರ ಕೈಗೂ ಇನ್ನೊಂದನ್ನು ನನ್ನ ಕೈಗೂ ಕೊಟ್ಟು, ನಾವು ಕುಡಿದು ಮುಗಿಸುವ ತನಕ ನೋಡುತ್ತಾ ಕೂತರು. ಆಮೇಲೆ ಬುರುಡೆ ಸೀಳಿ, "ಗಂಜಿ ತಿನ್ಬೋದೇನೋ ಕೇಳು ನಿಮ್ ಡಾಕ್ಟ್ರನ್ನ" ಎಂದರು.